ತೂಕ ಇಳಿಸುವ ಶಸ್ತ್ರಚಿಕಿತ್ಸೆ: ಯಾವುದು, ಯಾರಿಗೆ?

ಮೂರು ವರ್ಷಗಳ ಹಿಂದಿನ ಮಾತು. ಮಾರಿಕಣಿವೆಯ ಹಿನ್ನೀರಿನ ಆಚೆ, ಹೊಸದುರ್ಗ ತಾಲ್ಲೂಕಿನ ಹಳ್ಳಿಯೊಂದರಿಂದ ನಲವತ್ತಾರು ವರ್ಷದ ತಾಯಿಯೊಬ್ಬರು ಮಗನೊಡನೆ ನನ್ನ ಚಿಕಿತ್ಸಾಲಯಕ್ಕೆ ಬಂದಿದ್ದರು. ಮಗ ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವವನು. ಅಲ್ಲಿಯ ಆಸ್ಪತ್ರೆಯೊಂದರಿಂದ ತಂದ ಚೀಟಿಯನ್ನು ಮೇಜಿನ ಮೇಲಿಟ್ಟ. ಅದರಲ್ಲಿ ಮೂರು ಶಸ್ತ್ರಚಿಕಿತ್ಸೆಗಳ ಹೆಸರು, ಎದುರಿಗೆ ಮೂರು ದರ. ಮೊದಲನೆಯದರ ಸುತ್ತ ಪೆನ್ನಿನಿಂದ ಒಂದು ವೃತ್ತ. “ಇದನ್ನೇ ಬಹಳ ಜನ ಮಾಡಿಸಿಕೊಳ್ಳುತ್ತಾರಂತೆ, ಮುಂದಿನ ಸೋಮವಾರಕ್ಕೆ ದಿನ ಕೊಟ್ಟಿದ್ದಾರೆ” ಎಂದ. ತಾಯಿ ಮಾತ್ರ ಚೀಟಿಯ ಕಡೆ ನೋಡಲೇ ಇಲ್ಲ. “ಡಾಕ್ಟರೇ, ಇದರಲ್ಲಿ ಯಾವುದು ಒಳ್ಳೆಯದು ನೀವೇ ಹೇಳಿ. ನಾನು ಮೊದಲಿನಂತೆ ಮನೆ ಮುಂದೆ ಕೂತು ರಂಗೋಲಿ ಹಾಕಬೇಕು, ಅಷ್ಟೇ ನನಗೆ ಬೇಕಾದ್ದು” ಎಂದರು.

ನಾನು ಶಸ್ತ್ರಚಿಕಿತ್ಸಕನಲ್ಲ, ಸಾಮಾನ್ಯ ವೈದ್ಯ. ಇಂತಹ ಶಸ್ತ್ರಚಿಕಿತ್ಸೆ ನಡೆಯುವುದು ದೊಡ್ಡ ಊರುಗಳಲ್ಲಿ. ಅದಾದ ಬಳಿಕ ಉಳಿದ ಆಯುಷ್ಯವನ್ನೆಲ್ಲ ರೋಗಿಯು ಕಳೆಯುವುದು ನಮ್ಮ ನಡುವೆ. ವಾಂತಿಯಾದರೆ, ತಲೆಸುತ್ತಿದರೆ, ಮಂಡಿ ನೋವೆಂದರೆ ಬರುವುದು ನಮ್ಮಂಥವರ ಬಳಿಗೆ. ಆದುದರಿಂದ ಈ ಆಯ್ಕೆಯ ಬಗ್ಗೆ ಮಾತನಾಡುವ ಹಕ್ಕು ನಮಗೂ ಇದೆಯೆಂದು ಭಾವಿಸಿ, ಆ ತಾಯಿಯ ಒಪ್ಪಿಗೆಯನ್ನು ಪಡೆದು, ಗುರುತು ಮರೆಸಿ, ಭಕ್ತಬಂಧುಗಳ ಮುಂದೆ ಈ ಕೆಲವು ಮಾತುಗಳನ್ನಿಡುತ್ತಿದ್ದೇನೆ.

ಮೊದಲಿಗೆ ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಬೇಕಾಗಿದೆ. 2022ರ ಮೇ ತಿಂಗಳಿನಲ್ಲಿ ಬೆಂಗಳೂರಿನಲ್ಲಿ ಇಪ್ಪತ್ತೊಂದು ವರ್ಷದ ಕಿರುತೆರೆ ನಟಿಯೊಬ್ಬರು ಕೊಬ್ಬು ತೆಗೆಸುವ ಚಿಕಿತ್ಸೆಯ ಸಂದರ್ಭದಲ್ಲಿ ಮೃತಪಟ್ಟ ಸುದ್ದಿ ನಾಡಿನಾದ್ಯಂತ ಹರಡಿತು. ಅಂದಿನಿಂದ “ತೂಕದ ಆಪರೇಷನ್” ಎಂದೊಡನೆ ನಮ್ಮ ಜನ ಆ ಹೆಣ್ಣುಮಗಳನ್ನೇ ನೆನೆಯುತ್ತಾರೆ. ಚರ್ಮದ ಕೆಳಗಿನ ಕೊಬ್ಬನ್ನು ಹೀರಿ ತೆಗೆಯುವುದು ಅಂದಕ್ಕಾಗಿ ಮಾಡುವ ಕೆಲಸ. ಅದರಿಂದ ಸಕ್ಕರೆ ಕಾಯಿಲೆ ಇಳಿಯದು, ಹಸಿವೂ ತಗ್ಗದು. ನಾನು ಹೇಳಹೊರಟಿರುವುದು ಜಠರ ಮತ್ತು ಕರುಳಿನ ಮೇಲೆ ಮಾಡುವ, ಬೇರೆಯೇ ಉದ್ದೇಶದ ಶಸ್ತ್ರಚಿಕಿತ್ಸೆಯನ್ನು ಕುರಿತು. ಎರಡನ್ನೂ ಒಂದೇ ಎಂದು ಭಾವಿಸಿ ಕೆಲವರು ಅನಗತ್ಯವಾಗಿ ಹೆದರುತ್ತಾರೆ. ಇನ್ನು ಕೆಲವರು, ಅದೂ ಮದುವೆಗೆ ಬಂದ ಹೆಣ್ಣುಮಕ್ಕಳ ತಂದೆತಾಯಿಗಳು, ಹತ್ತೋ ಹನ್ನೆರಡೋ ಕಿಲೋ ಇಳಿಸಲು ಇದನ್ನು ಮಾಡಿಸಬಹುದೇ ಎಂದು ಕೇಳುತ್ತಾರೆ. ಮಾಡಿಸಬಾರದು. ಮಾಡಿಸಿದ ಮೇಲೆ ಒಂದರಿಂದ ಒಂದೂವರೆ ವರ್ಷದವರೆಗೆ ಗರ್ಭ ಧರಿಸಬಾರದೆಂಬ ನಿಯಮವಿದೆ ಎಂಬುದನ್ನು ಅವರಿಗೆ ಯಾರೂ ಹೇಳಿರುವುದಿಲ್ಲ.

ಹಾಗಾದರೆ ಯಾರಿಗೆ ಮಾಡಬೇಕು? ಕಿಲೋಗ್ರಾಂಗಳಲ್ಲಿರುವ ತೂಕವನ್ನು ಮೀಟರಿನಲ್ಲಿರುವ ಎತ್ತರದಿಂದ ಎರಡು ಸಲ ಭಾಗಿಸಿದರೆ ಬರುವ ಸಂಖ್ಯೆಗೆ ಬಿ.ಎಂ.ಐ. ಎನ್ನುತ್ತಾರೆ. ಆ ತಾಯಿಯ ತೂಕ 104 ಕಿಲೋ, ಎತ್ತರ 1.57 ಮೀಟರ್. ಎರಡು ಸಲ ಭಾಗಿಸಿದಾಗ 42 ಬಂತು. 1991ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಹಾಕಿಕೊಟ್ಟ ಗೆರೆ 40. ಜೊತೆಗೆ ಬೊಜ್ಜಿನಿಂದ ಬಂದ ಗಂಭೀರ ಕಾಯಿಲೆಯಿದ್ದರೆ 35. ನಮ್ಮ ದೇಶದವರಿಗೆ ಕಡಿಮೆ ತೂಕದಲ್ಲಿಯೇ ಹೊಟ್ಟೆಯ ಸುತ್ತ ಕೊಬ್ಬು ಸೇರಿ ಮಧುಮೇಹ ಬರುವುದರಿಂದ, 2022ರಲ್ಲಿ ಅಂತರರಾಷ್ಟ್ರೀಯ ಶಸ್ತ್ರಚಿಕಿತ್ಸಕರ ಸಂಘಗಳು ಈ ಗೆರೆಯನ್ನು ಇಳಿಸಿ, ಏಷ್ಯಾದವರಿಗೆ 27.5ರಿಂದಲೇ ಪರಿಗಣಿಸಬಹುದೆಂದು ಹೇಳಿದವು. ನಮ್ಮ ವಿಮಾ ಕಂಪನಿಗಳ ನಿಯಮ ಮಾತ್ರ ಹಳೆಯ ಗೆರೆಯಲ್ಲೇ ನಿಂತಿದೆ: 40, ಇಲ್ಲವೇ ಹೃದಯದ ಕಾಯಿಲೆ, ತೀವ್ರವಾದ ನಿದ್ರಾ ಉಸಿರುಗಟ್ಟುವಿಕೆ, ಹಿಡಿತಕ್ಕೆ ಬಾರದ ಮಧುಮೇಹ ಇವುಗಳಲ್ಲೊಂದು ಇದ್ದು, ಇತರ ಉಪಾಯಗಳು ವಿಫಲವಾದಲ್ಲಿ 35. ಗೆರೆ ಇಳಿದಿದೆಯೆಂದ ಮಾತ್ರಕ್ಕೆ ಅದನ್ನು ದಾಟಿದವರೆಲ್ಲ ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಮಲಗಬೇಕೆಂದಲ್ಲ. ಮೂವತ್ತರ ಆಸುಪಾಸಿನಲ್ಲಿರುವ, ಬೇರೆ ಕಾಯಿಲೆಯಿಲ್ಲದ ವ್ಯಕ್ತಿಗೆ ನಾನು ಇಂದಿಗೂ ಇದನ್ನು ಸೂಚಿಸುವುದಿಲ್ಲ.

2019–20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕ ಹೆಂಗಸರಲ್ಲಿಯೂ ಗಂಡಸರಲ್ಲಿಯೂ ನೂರಕ್ಕೆ ಮೂವತ್ತರಷ್ಟು ಮಂದಿ ಅಧಿಕ ತೂಕದವರು. ಇವರಲ್ಲಿ ಬಹುಪಾಲು ಜನರಿಗೆ ಬೇಕಾದುದು ನಡಿಗೆ, ಊಟದ ಹಿಡಿತ, ಹೆಚ್ಚೆಂದರೆ ಔಷಧಿ. 2025ರಲ್ಲಿ ಟಿರ್ಜೆಪಟೈಡ್, ಅದರ ಹಿಂದೆಯೇ ತೂಕಕ್ಕೆಂದೇ ಸೆಮಾಗ್ಲುಟೈಡ್ ಎಂಬ ವಾರಕ್ಕೊಮ್ಮೆಯ ಚುಚ್ಚುಮದ್ದುಗಳು ನಮ್ಮ ದೇಶದ ಮಾರುಕಟ್ಟೆಗೆ ಬಂದಿವೆ. ಪರಿಣಾಮಕಾರಿಯಾದವುಗಳೇ. ಆದರೆ ನಿಲ್ಲಿಸಿದರೆ ಇಳಿದ ತೂಕದ ಬಹುಪಾಲು ಮರಳಿ ಬರುತ್ತದೆ. ಚುಚ್ಚುಮದ್ದನ್ನು ಜನ್ಮಪೂರ್ತಿ ಕೊಳ್ಳಲಾಗದ, ಬಿ.ಎಂ.ಐ. ನಲವತ್ತನ್ನು ಮೀರಿದ, ಮಧುಮೇಹ ಬಲಿತ ರೋಗಿಗೆ ಶಸ್ತ್ರಚಿಕಿತ್ಸೆ ನಿಜವಾಗಿಯೂ ಜೀವ ಉಳಿಸುವಂತಹದು. ಹಾಗೆ ಮಾಡಿಸಿಕೊಂಡವರನ್ನು “ಬಾಯಿ ಕಟ್ಟಲಾರದೆ ಹೊಟ್ಟೆ ಕೊಯ್ಸಿಕೊಂಡರು” ಎಂದು ಆಡಿಕೊಳ್ಳುವುದನ್ನು ಕೇಳಿದ್ದೇನೆ. ಕನ್ನಡಕ ಹಾಕಿಕೊಂಡವರನ್ನು ಯಾರೂ ಹಾಗೆ ಆಡಿಕೊಳ್ಳುವುದಿಲ್ಲ.

ಇನ್ನು ವಿಧಗಳ ವಿಚಾರ. ನಮ್ಮ ಭಾಗದವರಿಗೆ ಕೆರೆ–ಕಾಲುವೆಯ ಲೆಕ್ಕದಲ್ಲಿ ಹೇಳುವುದು ಸುಲಭ. ಜಠರವೆಂಬುದು ಕೆರೆ, ಸಣ್ಣ ಕರುಳೆಂಬುದು ಅದರಿಂದ ಹೊರಟು ಹೊಲಗಳಿಗೆ ನೀರುಣಿಸುವ ಕಾಲುವೆ. ಕೆರೆಯನ್ನು ಮಾತ್ರ ಕಿರಿದು ಮಾಡಿ ಕಾಲುವೆಯನ್ನು ಹಾಗೆಯೇ ಬಿಡುವುದು ಒಂದು ಬಗೆ. ಕೆರೆಯನ್ನು ಕಿರಿದು ಮಾಡುವುದರ ಜೊತೆಗೆ ಕಾಲುವೆಯ ಮೊದಲ ಭಾಗವನ್ನು ಬಿಟ್ಟು ಮುಂದಿನ ಭಾಗಕ್ಕೆ ನೇರವಾಗಿ ನೀರು ಹಾಯಿಸುವುದು ಇನ್ನೊಂದು ಬಗೆ.

ಮೊದಲನೆಯದರ ಹೆಸರು ಸ್ಲೀವ್. ಚೀಟಿಯಲ್ಲಿ ವೃತ್ತ ಹಾಕಿದ್ದು ಇದಕ್ಕೇ. ಜಠರದ ಸುಮಾರು ನೂರಕ್ಕೆ 75ರಿಂದ 80 ಭಾಗವನ್ನು ಉದ್ದಕ್ಕೆ ಕತ್ತರಿಸಿ ತೆಗೆದು, ಬಾಳೆಹಣ್ಣಿನಾಕಾರದ ಕೊಳವೆಯೊಂದನ್ನು ಉಳಿಸುತ್ತಾರೆ. ಹಸಿವು ಹುಟ್ಟಿಸುವ ಗ್ರೆಲಿನ್ ಎಂಬ ರಸ ಹೆಚ್ಚಾಗಿ ತಯಾರಾಗುವುದು ಕತ್ತರಿಸಿ ತೆಗೆದ ಭಾಗದಲ್ಲಿಯೇ ಆದ್ದರಿಂದ, ಬಯಕೆಯೂ ತಗ್ಗುತ್ತದೆ. ಕರುಳನ್ನು ಮುಟ್ಟುವುದಿಲ್ಲ. ಶಸ್ತ್ರಚಿಕಿತ್ಸಕನಿಗೆ ಹೋಲಿಕೆಯಲ್ಲಿ ಸುಲಭ, ಹೊತ್ತು ಕಡಿಮೆ. ಆದರೆ ತೆಗೆದ ಜಠರ ಮರಳಿ ಬಾರದು. ಅಗಲವಾದ ಚೀಲದ ಜಾಗದಲ್ಲಿ ಕಿರಿದಾದ ಕೊಳವೆ ಉಳಿಯುವುದರಿಂದ ಒಳಗಿನ ಒತ್ತಡ ಏರಿ, ಆಮ್ಲ ಮೇಲಕ್ಕೆ, ಅನ್ನನಾಳಕ್ಕೆ ಉಕ್ಕುವ ಸಂಭವ ಹೆಚ್ಚು.

ಎರಡನೆಯದು ಬೈಪಾಸ್. ಹೃದಯದ ಬೈಪಾಸಿಗೂ ಇದಕ್ಕೂ ಹೆಸರಿನ ಹೊರತು ಸಂಬಂಧವಿಲ್ಲ. 1966ರಲ್ಲಿ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಎಡ್ವರ್ಡ್ ಮೇಸನ್ ಎಂಬ ಶಸ್ತ್ರಚಿಕಿತ್ಸಕರು ಮೊದಲು ಮಾಡಿದ್ದು. ಹುಣ್ಣಿಗಾಗಿ ಜಠರದ ಭಾಗ ಕಳೆದುಕೊಂಡವರು ದಪ್ಪಗಾಗುವುದಿಲ್ಲವೆಂಬುದನ್ನು ಗಮನಿಸಿ ಈ ದಾರಿ ಹಿಡಿದವರು ಅವರು. ಇಂದಿನ ರೂಪದಲ್ಲಿ ಜಠರದ ಮೇಲ್ತುದಿಯಲ್ಲಿ ಸುಮಾರು 30 ಮಿಲಿಲೀಟರ್ ಹಿಡಿಯುವ, ನಿಂಬೆಹಣ್ಣಿನಷ್ಟರ ಚೀಲವನ್ನು ಬೇರ್ಪಡಿಸಿ, ಸಣ್ಣ ಕರುಳನ್ನು ತಂದು ಅದಕ್ಕೆ ಜೋಡಿಸುತ್ತಾರೆ. ಉಳಿದ ಜಠರ ಒಳಗೇ ಇರುತ್ತದೆ, ಅನ್ನ ಮಾತ್ರ ಅದರ ಮೂಲಕ ಹೋಗುವುದಿಲ್ಲ. ಅನ್ನವು ಬೇಗನೆ ಕರುಳಿನ ಕೆಳಭಾಗವನ್ನು ಮುಟ್ಟುವುದರಿಂದ ಇನ್ಸುಲಿನ್ ಸ್ರವಿಸಲು ನೆರವಾಗುವ ರಸಗಳು ಹೆಚ್ಚುತ್ತವೆ. ತೂಕ ಇಳಿಯುವ ಮೊದಲೇ, ಕೆಲವೇ ದಿನಗಳಲ್ಲಿ ಸಕ್ಕರೆ ಇಳಿಯುವುದನ್ನು ಕಾಣುತ್ತೇವೆ. ಇದನ್ನೇ ಒಂದೇ ಜೋಡಣೆಯಲ್ಲಿ, ಕರುಳಿನ ಇನ್ನೂ ಹೆಚ್ಚು ಉದ್ದವನ್ನು ಬಿಟ್ಟು ಮಾಡುವ ಸರಳ ರೂಪಕ್ಕೆ ಮಿನಿ ಬೈಪಾಸ್ ಎನ್ನುತ್ತಾರೆ. ಚೀಟಿಯಲ್ಲಿದ್ದ ಮೂರನೆಯ ಹೆಸರು ಅದು. “ಮಿನಿ” ಎಂದೊಡನೆ ಚಿಕ್ಕದು, ಸೌಮ್ಯವಾದುದು ಎಂದು ಯಾರೂ ಎಣಿಸಬಾರದು. ಪೋಷಕಾಂಶಗಳ ಕೊರತೆಯ ವಿಷಯದಲ್ಲಿ ಅದು ದೊಡ್ಡಣ್ಣನೇ.

ಜಠರಕ್ಕೆ ಪಟ್ಟಿ ಬಿಗಿಯುವ ಬ್ಯಾಂಡ್ ಪದ್ಧತಿ ಇಂದು ಬಹುಮಟ್ಟಿಗೆ ಮರೆಯಾಗಿದೆ. ಬಲೂನು ಎಂಬುದು ಶಸ್ತ್ರಚಿಕಿತ್ಸೆಯೇ ಅಲ್ಲ. ಕೆಲವು ತಿಂಗಳ ಬಳಿಕ ತೆಗೆಯಲೇಬೇಕು, ತೆಗೆದ ಮೇಲೆ ತೂಕ ಮರಳುವುದೇ ಹೆಚ್ಚು. ಕರುಳಿನ ಬಹುಭಾಗವನ್ನು ಬಿಟ್ಟುಬಿಡುವ ಡುಯೋಡಿನಲ್ ಸ್ವಿಚ್ ಎಂಬುದನ್ನು ನಮ್ಮಂಥ ಸಸ್ಯಾಹಾರಿ ಗ್ರಾಮೀಣರಿಗೆ ಯಾರಾದರೂ ಸೂಚಿಸಿದರೆ ಎದ್ದು ಬರುವುದೇ ಲೇಸು.

ಸ್ಲೀವ್ ಮತ್ತು ಬೈಪಾಸ್ ಇವೆರಡನ್ನು ತೂಗಿ ನೋಡಿದ ಒಳ್ಳೆಯ ಅಧ್ಯಯನಗಳಿವೆ. ಫಿನ್ಲೆಂಡಿನಲ್ಲಿ 240 ಮಂದಿಯನ್ನು ಚೀಟಿಯೆತ್ತಿ ಎರಡು ಗುಂಪು ಮಾಡಿ ಹತ್ತು ವರ್ಷ ನೋಡಿದರು. ಹೆಚ್ಚುವರಿ ತೂಕದಲ್ಲಿ ನೂರಕ್ಕೆ ಸುಮಾರು 44 ಭಾಗ ಸ್ಲೀವಿನವರಿಗೂ 52 ಭಾಗ ಬೈಪಾಸಿನವರಿಗೂ ಇಳಿದೇ ಇತ್ತು. ಅಂತರ ಅಷ್ಟು ದೊಡ್ಡದಲ್ಲ. ಆದರೆ ಅನ್ನನಾಳದ ಉರಿಯೂತ ಸ್ಲೀವಿನವರಲ್ಲಿ ನೂರಕ್ಕೆ 31 ಮಂದಿಗೆ, ಬೈಪಾಸಿನವರಲ್ಲಿ 7 ಮಂದಿಗೆ ಮಾತ್ರ ಕಂಡಿತು. ಮಧುಮೇಹದ ವಿಷಯದಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನ ಅಧ್ಯಯನವಿದೆ. ಐದು ವರ್ಷಗಳ ಬಳಿಕ ಮೂರು ತಿಂಗಳ ಸರಾಸರಿ ಸಕ್ಕರೆಯ ಪ್ರಮಾಣ 6ರ ಒಳಗಿದ್ದವರು ಔಷಧಿಯಷ್ಟರಿಂದಲೇ ನೂರಕ್ಕೆ 5, ಸ್ಲೀವಿನಿಂದ 23, ಬೈಪಾಸಿನಿಂದ 29. ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಲ್ಲಿಯೂ ನೂರಕ್ಕೆ ಎಪ್ಪತ್ತು ಮಂದಿ ಆ ಗೆರೆಯೊಳಗೆ ಬರಲಿಲ್ಲವೆಂಬುದನ್ನೂ ಇಲ್ಲಿ ಓದಿಕೊಳ್ಳಬೇಕು. “ಸಕ್ಕರೆ ಕಾಯಿಲೆ ಬೇರುಸಹಿತ ಮಾಯ” ಎಂಬ ಜಾಹೀರಾತಿಗೂ ಈ ಅಂಕಿಗೂ ಎಷ್ಟು ದೂರ!

ಈಗ ಆ ತಾಯಿಯ ಕಡೆಗೆ ಬರೋಣ. ಒಂಬತ್ತು ವರ್ಷದ ಮಧುಮೇಹ. ಮಾತ್ರೆಗಳ ಜೊತೆಗೆ ಇನ್ಸುಲಿನ್ ಆರಂಭವಾಗಿತ್ತು. ಕೇಳಿದ ಮೇಲೆ ಹೇಳಿದರು: ರಾತ್ರಿ ಮಲಗಿದರೆ ಹುಳಿ ನೀರು ಬಾಯಿಗೆ ಬರುತ್ತದೆ, ಎರಡು ದಿಂಬಿಟ್ಟು ಮಲಗುತ್ತೇನೆ. ಅದನ್ನು ಬೆಂಗಳೂರಿನಲ್ಲಿ ಹೇಳಿದಿರಾ ಎಂದರೆ, “ಅವರು ಕೇಳಲಿಲ್ಲ, ನಾನು ಹೇಳಲಿಲ್ಲ”. ಎಂಡೋಸ್ಕೋಪಿ ಮಾಡಿಸದೆ ದಿನ ನಿಗದಿಯಾಗಿತ್ತು. ನಾನು ಮಗನಿಗೆ, ಸೋಮವಾರ ಬೇಡ, ಮೊದಲು ಎಂಡೋಸ್ಕೋಪಿಯಾಗಲಿ, ಇನ್ನೊಬ್ಬ ಶಸ್ತ್ರಚಿಕಿತ್ಸಕರ ಅಭಿಪ್ರಾಯವೂ ಬರಲಿ ಎಂದೆ. ಅನ್ನನಾಳದ ಕೆಳತುದಿಯಲ್ಲಿ ಉರಿಯೂತವೂ, ಜಠರದ ಮೇಲ್ಭಾಗ ಎದೆಗೂಡಿನೊಳಕ್ಕೆ ಜಾರಿರುವುದೂ ಕಂಡಿತು. ಅಂತಹವರಿಗೆ ಸ್ಲೀವ್ ಮಾಡಿದ್ದರೆ ತೂಕವೇನೋ ಇಳಿಯುತ್ತಿತ್ತು, ಎದೆಯುರಿ ಮಾತ್ರ ಜನ್ಮಕ್ಕೆ ಅಂಟಿಕೊಳ್ಳುತ್ತಿತ್ತು. ಹಾಗೆ ನರಳಿ, ಎರಡು ವರ್ಷದ ಬಳಿಕ ಸ್ಲೀವನ್ನು ಬೈಪಾಸಿಗೆ ಬದಲಿಸಿಕೊಂಡು ಎರಡು ಸಲ ಖರ್ಚು ತೆತ್ತವರನ್ನು ಬಲ್ಲೆ. ನನ್ನ ಅಭಿಪ್ರಾಯ ಸ್ಪಷ್ಟ: ಎದೆಯುರಿ ಬಲವಾಗಿರುವವರಿಗೆ, ಬಲಿತ ಮಧುಮೇಹಿಗಳಿಗೆ ಬೈಪಾಸ್. ಎದೆಯುರಿಯಿಲ್ಲದ, ಮಧುಮೇಹ ಹೊಸದಾಗಿರುವ, ಮೂಳೆನೋವಿನ ಮಾತ್ರೆ ಬಿಡಲಾಗದ, ದೂರದ ಊರಿನಲ್ಲಿದ್ದು ಮೇಲಿಂದ ಮೇಲೆ ತಪಾಸಣೆಗೆ ಬರಲಾಗದವರಿಗೆ ಸ್ಲೀವ್. ಇದಕ್ಕೆ ಅಪವಾದಗಳಿವೆ. ಆದರೆ “ಬಹಳ ಜನ ಮಾಡಿಸಿಕೊಳ್ಳುತ್ತಾರೆ” ಎಂಬುದು ಯಾವ ಕಾರಣಕ್ಕೂ ಆಧಾರವಾಗಲಾರದು.

ಮೂಳೆನೋವಿನ ಮಾತ್ರೆಯ ಮಾತು ಬಂದುದರಿಂದ ಹೇಳಿಬಿಡುತ್ತೇನೆ. ತೂಕದವರಿಗೆಲ್ಲ ಮಂಡಿನೋವು ಇದ್ದದ್ದೇ. ಮೆಡಿಕಲ್ ಅಂಗಡಿಗೆ ಹೋಗಿ ಡೈಕ್ಲೋಫೆನಾಕ್ ತಂದು ನುಂಗುವುದು ನಮ್ಮ ಕಡೆ ಎಲೆಯಡಿಕೆಯಷ್ಟು ಸಲೀಸು. ಬೈಪಾಸ್ ಆದವರು ಹಾಗೆ ಮಾಡಿದರೆ ಜಠರ–ಕರುಳಿನ ಜೋಡಣೆಯಲ್ಲಿ ಹುಣ್ಣಾಗಿ ರಕ್ತಸ್ರಾವವಾಗುತ್ತದೆ, ಕೆಲವೊಮ್ಮೆ ತೂತೇ ಬೀಳುತ್ತದೆ. ಬೀಡಿ, ಹೊಗೆಸೊಪ್ಪು ಕೂಡ ಅದೇ ಕೇಡನ್ನು ತರುತ್ತವೆ. ಈ ಚಟ ಬಿಡಲಾಗದವರು ಮೊದಲು ಚಟವನ್ನು ಬಿಟ್ಟು ಆಮೇಲೆ ಬೈಪಾಸಿನ ಮಾತೆತ್ತಬೇಕು.

ನಮ್ಮ ಊಟದ ವಿಚಾರ ಇನ್ನೂ ಮುಖ್ಯವಾದುದು. ಬೆಂಗಳೂರಿನ ಆಹಾರತಜ್ಞರು ಅಚ್ಚು ಹಾಕಿ ಕೊಡುವ ಪಟ್ಟಿಯಲ್ಲಿ ಇಡ್ಲಿ, ಓಟ್ಸ್, ಮೊಟ್ಟೆಯ ಬಿಳಿಭಾಗ ಇವೆಲ್ಲ ಇರುತ್ತವೆ. ಹಿರಿಯೂರು–ಹೊಸದುರ್ಗದವರು ಉಣ್ಣುವುದು ಮುದ್ದೆ. ಮುದ್ದೆಯನ್ನು ಅಗಿಯುವುದಿಲ್ಲ, ತುತ್ತು ಮುರಿದು ಸಾರಿನಲ್ಲಿ ಅದ್ದಿ ನುಂಗುತ್ತೇವೆ. ಅಗಿದರೆ ಹಿರಿಯರು ನಕ್ಕಾರು. ಹೊಸ ಜಠರದ ಬಾಯಿ ಬೆರಳಗಲವೂ ಇರುವುದಿಲ್ಲ. ಅಂಟುವ ತುತ್ತೊಂದು ಅಲ್ಲಿ ಸಿಕ್ಕಿಕೊಂಡರೆ ಎದೆ ಒತ್ತಿ, ಜೊಲ್ಲು ಸುರಿದು, ವಾಂತಿಯಾಗುವವರೆಗೆ ಬಿಡುಗಡೆಯಿಲ್ಲ. ಆದುದರಿಂದ ಮುದ್ದೆ ನುಂಗುವ ಅಭ್ಯಾಸವನ್ನು ಬಿಡಬೇಕಾಗುತ್ತದೆ. ರಾಗಿಯನ್ನು ಬಿಡಬೇಕಾಗಿಲ್ಲ. ಅಂಬಲಿ ಮಾಡಿ, ಗಂಜಿ ಮಾಡಿ ಗುಟುಕು ಗುಟುಕಾಗಿ ಕುಡಿಯಬಹುದು. ಕ್ಯಾಲ್ಸಿಯಂ ಹೇರಳವಾಗಿರುವ ಧಾನ್ಯ ಅದು. ಶಸ್ತ್ರಚಿಕಿತ್ಸೆಗೆ ಎರಡು ತಿಂಗಳು ಮೊದಲಿನಿಂದಲೇ ಒಂದೊಂದು ತುತ್ತನ್ನೂ ಇಪ್ಪತ್ತು ಮೂವತ್ತು ಸಲ ಅಗಿದು ಉಣ್ಣಲು ಸಾಧ್ಯವೇ ಎಂದು ಮನೆಯಲ್ಲಿಯೇ ಪರೀಕ್ಷಿಸಿಕೊಳ್ಳಿ ಎಂದು ನಾನು ಹೇಳುವುದುಂಟು. ಆಗದವರಿಗೆ ಶಸ್ತ್ರಚಿಕಿತ್ಸೆಯ ಬಳಿಕವೂ ಆಗುವುದಿಲ್ಲ.

ಪ್ರೋಟೀನಿನ ಲೆಕ್ಕ ಇನ್ನೂ ಕಠಿಣ. ದಿನಕ್ಕೆ ಕನಿಷ್ಠ 60 ಗ್ರಾಂ ಬೇಕು, ಇಲ್ಲವಾದರೆ ಕರಗುವುದು ಕೊಬ್ಬಲ್ಲ, ಮಾಂಸಖಂಡ. ಕೂದಲು ಉದುರುತ್ತದೆ, ಕಾಲು ಬಾವು ಬರುತ್ತದೆ. ನೂರು ಗ್ರಾಂ ರಾಗಿಹಿಟ್ಟಿನ ಒಂದು ಮುದ್ದೆಯಲ್ಲಿ ಏಳು ಗ್ರಾಂ ಪ್ರೋಟೀನು. ಒಂದು ಹೊತ್ತಿಗೆ ಅರ್ಧ ಬಟ್ಟಲು ಮಾತ್ರ ಹಿಡಿಯುವ ಹೊಟ್ಟೆಗೆ ಅಷ್ಟೂ ಹಿಡಿಸದು. ಮೊಟ್ಟೆ, ಮಾಂಸಗಳನ್ನು ಮುಟ್ಟದ ನಾವು ಹಾಗಾದರೆ ಏನು ಮಾಡಬೇಕು? ಅರ್ಧ ಲೀಟರ್ ಹಾಲಿನಿಂದ 16 ಗ್ರಾಂ, ನೂರು ಗ್ರಾಂ ಪನೀರಿನಿಂದ 18, ಒಂದು ಹಿಡಿ ಸೋಯಾ ಉಂಡೆಗಳಿಂದ 15, ನುಣ್ಣಗೆ ಬೇಯಿಸಿ ಮಸೆದ ಹೆಸರುಕಾಳು ಇಲ್ಲವೇ ಹುರುಳಿಯಿಂದ ಹತ್ತು ಹನ್ನೆರಡು. ಹೀಗೆ ದಿನವನ್ನು ಆರು ಪಾಲು ಮಾಡಿ ಕೂಡಿಸಬೇಕು. ಮೊದಲ ತಿಂಗಳುಗಳಲ್ಲಿ ಇದೂ ಸಾಲದೆ ಪ್ರೋಟೀನ್ ಪುಡಿ ಬೇಕಾಗುತ್ತದೆ. ಅದರ ಖರ್ಚನ್ನು ಆಸ್ಪತ್ರೆಯ ದರಪಟ್ಟಿ ಹೇಳುವುದಿಲ್ಲ. ಊಟದ ನಡುವೆ ನೀರು ಕುಡಿಯುವಂತಿಲ್ಲ. ಬೈಪಾಸ್ ಆದವರು ಹೋಳಿಗೆ, ಪಾಯಸ ತಿಂದರೆ ಸಕ್ಕರೆ ಒಮ್ಮೆಲೇ ಕರುಳಿಗಿಳಿದು, ಬೆವರು ಕಿತ್ತು, ಎದೆ ಬಡಿದು, ಬೇಧಿಯಾಗುತ್ತದೆ. ಒಂದು ಸಲ ಅನುಭವಿಸಿದವರು ಸಿಹಿಯ ಗೊಡವೆಗೆ ಹೋಗುವುದಿಲ್ಲ. ಇದೊಂದು ಕಾವಲುಗಾರನೆಂದೇ ತಿಳಿಯಬಹುದು.

ಬಿ12 ಎಂಬ ಜೀವಸತ್ವ ನಮ್ಮ ಸಸ್ಯಾಹಾರಿ ಮನೆಗಳಲ್ಲಿ ಮೊದಲೇ ಕೊರತೆ. ಮಧುಮೇಹಿಗಳು ವರ್ಷಾನುಗಟ್ಟಲೆ ನುಂಗುವ ಮೆಟ್‌ಫಾರ್ಮಿನ್ ಮಾತ್ರೆ ಅದನ್ನು ಇನ್ನಷ್ಟು ತಗ್ಗಿಸುತ್ತದೆ. ಅದರ ಮೇಲೆ ಬೈಪಾಸ್ ಆದರೆ, ಹಾಲಿನಲ್ಲಿರುವ ಅಷ್ಟಿಷ್ಟೂ ರಕ್ತಕ್ಕೆ ಸೇರುವುದಿಲ್ಲ. ಕೈಕಾಲು ಜೋಮು, ನಾಲಿಗೆ ಉರಿ, ಮರೆವು, ನಡಿಗೆಯಲ್ಲಿ ತೂರಾಟ ಇವು ಲಕ್ಷಣಗಳು. ಸಕ್ಕರೆ ಕಾಯಿಲೆಯ ಜೋಮೆಂದು ಭಾವಿಸಿ ಸುಮ್ಮನಿದ್ದರೆ ನರಗಳು ಮರಳಿ ಸುಧಾರಿಸದ ಮಟ್ಟಕ್ಕೆ ಹೋಗುತ್ತವೆ. ಆದ್ದರಿಂದ ಶಸ್ತ್ರಚಿಕಿತ್ಸೆಗೆ ಮೊದಲೇ ರಕ್ತ ಪರೀಕ್ಷೆಯಾಗಲಿ, ಆದ ಮೇಲೆ ಬಿ12, ಕಬ್ಬಿಣ, ಕ್ಯಾಲ್ಸಿಯಂ, ಡಿ ಜೀವಸತ್ವಗಳು ಆಜೀವಪರ್ಯಂತ ಸಲ್ಲಲಿ. ಬಿ12 ಚುಚ್ಚುಮದ್ದಿಗೆ ಬೆಂಗಳೂರಿಗೆ ಹೋಗಬೇಕಾಗಿಲ್ಲ. ವೈದ್ಯರ ಚೀಟಿಯಿದ್ದರೆ ಹತ್ತಿರದ ಆಸ್ಪತ್ರೆಯ ಶುಶ್ರೂಷಕಿಯೇ ಕೊಡುತ್ತಾರೆ.

ಇನ್ನೊಂದು ಸಂಗತಿಯನ್ನು ಓದುಗರು ದಯವಿಟ್ಟು ನೆನಪಿನಲ್ಲಿಡಬೇಕು. ಶಸ್ತ್ರಚಿಕಿತ್ಸೆಯಾಗಿ ಕೆಲವು ವಾರಗಳಲ್ಲಿ ಕೆಲವರಿಗೆ ವಾಂತಿ ಹಿಡಿಯುತ್ತದೆ. ದೇಹದಲ್ಲಿ ಥಯಾಮಿನ್ ಎಂಬ ಬಿ1 ಜೀವಸತ್ವದ ಸಂಗ್ರಹ ಎರಡು ಮೂರು ವಾರಕ್ಕಾಗುವಷ್ಟು ಮಾತ್ರ. ವಾಂತಿಯಿಂದ ಅದು ಬರಿದಾಗುತ್ತದೆ. ಸುಸ್ತೆಂದೊಡನೆ ನಮ್ಮೂರುಗಳಲ್ಲಿ ಮಾಡುವ ಮೊದಲ ಕೆಲಸ ಗ್ಲುಕೋಸ್ ಬಾಟಲಿ ಏರಿಸುವುದು. ಥಯಾಮಿನ್ ಕೊಡದೆ ಗ್ಲುಕೋಸ್ ಏರಿಸಿದರೆ ಉಳಿದಷ್ಟೂ ಒಮ್ಮೆಲೇ ಖರ್ಚಾಗಿ ಮೆದುಳಿಗೆ ಶಾಶ್ವತ ಹಾನಿಯಾಗಬಹುದು. ಕಣ್ಣು ಓಲಾಡುವುದು, ಕಾಲು ತಡವರಿಸುವುದು, ಮಾತು ಗೊಂದಲವಾಗುವುದು ಅದರ ಸೂಚನೆ. “ನನಗೆ ಜಠರದ ಶಸ್ತ್ರಚಿಕಿತ್ಸೆಯಾಗಿದೆ, ಗ್ಲುಕೋಸಿಗೆ ಮೊದಲು ಥಯಾಮಿನ್ ಕೊಡಿ” ಎಂದು ಒಂದು ಚೀಟಿಯಲ್ಲಿ ಬರೆದು ಪರ್ಸಿನಲ್ಲಿಟ್ಟುಕೊಳ್ಳಲು ನಾನು ಎಲ್ಲರಿಗೂ ಹೇಳುತ್ತೇನೆ. ನಮ್ಮ ವೃತ್ತಿಬಾಂಧವರು ಇದನ್ನು ಓದಿದರೆ ಅವರಿಗೂ ಇದೇ ವಿನಂತಿ.

ದೂರದ ಪ್ರಶ್ನೆಯೂ ಆಯ್ಕೆಯ ಒಂದು ಭಾಗವೇ. ಚಿತ್ರದುರ್ಗದಿಂದ ಬೆಂಗಳೂರು ಇನ್ನೂರು ಕಿಲೋಮೀಟರ್. ಹೊಸದುರ್ಗದ ಒಳಹಳ್ಳಿಯಿಂದಾದರೆ ಹೆದ್ದಾರಿಗೆ ಬರಲೇ ಒಂದು ತಾಸು. ಒಳ್ಳೆಯ ಕೇಂದ್ರಗಳಲ್ಲಿ ಈ ಶಸ್ತ್ರಚಿಕಿತ್ಸೆಯಿಂದ ಸಾವು ಸಾವಿರಕ್ಕೆ ಒಂದರಿಂದ ಮೂರು, ಪಿತ್ತಕೋಶ ತೆಗೆಸಿದಷ್ಟೇ ಅಪಾಯ. ಆದರೆ ಹೊಲಿಗೆ ಸೋರಿದರೆ ಮೊದಲ ಹತ್ತು ದಿನಗಳಲ್ಲಿಯೇ ಹೆಚ್ಚು. ನಾಡಿ ನೂರಿಪ್ಪತ್ತಕ್ಕೇರುವುದು, ಜ್ವರ, ಹೊಟ್ಟೆ ಅಥವಾ ಎಡಭುಜದ ನೋವು, ಏದುಸಿರು, ಇವುಗಳಲ್ಲಿ ಒಂದು ಕಂಡರೂ ಬೆಳಗಾಗುವುದನ್ನು ಕಾಯುವಂತಿಲ್ಲ. ನಾಲ್ಕನೆಯ ದಿನವೇ ಊರಿಗೆ ಮರಳುವ ಬದಲು ಎರಡು ವಾರ ಆಸ್ಪತ್ರೆಯಿರುವ ಊರಿನಲ್ಲಿಯೇ ಬಂಧುಗಳ ಮನೆಯಲ್ಲಿರಬೇಕು. ಶಸ್ತ್ರಚಿಕಿತ್ಸಕರನ್ನು ಕೇಳಬೇಕಾದ ಪ್ರಶ್ನೆಗಳೂ ಇವೇ: ರಾತ್ರಿ ಫೋನು ಎತ್ತುವವರು ಯಾರು, ಸೋರಿಕೆಯಾದರೆ ಎರಡನೆಯ ಶಸ್ತ್ರಚಿಕಿತ್ಸೆಯ ಖರ್ಚು ಯಾರದು, ಐದು ವರ್ಷದ ಹಿಂದೆ ನೀವು ಮಾಡಿದವರಲ್ಲಿ ಎಷ್ಟು ಮಂದಿ ಈಗಲೂ ತಪಾಸಣೆಗೆ ಬರುತ್ತಿದ್ದಾರೆ. ಕೊನೆಯ ಪ್ರಶ್ನೆಗೆ ತಡವರಿಸದೆ ಉತ್ತರ ಕೊಡುವವರನ್ನು ನಾನು ನಂಬುತ್ತೇನೆ.

ಆ ತಾಯಿಗೆ ಎರಡು ತಿಂಗಳ ಸಿದ್ಧತೆಯ ಬಳಿಕ ಬೈಪಾಸ್ ಆಯಿತು. ಈಗ ತೂಕ 74 ಕಿಲೋ. ಇನ್ಸುಲಿನ್ ನಿಂತಿದೆ, ಒಂದು ಮಾತ್ರೆ ಉಳಿದಿದೆ. ಎರಡು ದಿಂಬಿನ ಬದಲು ಒಂದು. ಮೊದಲ ವರ್ಷ ಕೂದಲು ಉದುರಿ ಕಣ್ಣೀರಿಟ್ಟಿದ್ದರು. ಪಿತ್ತಕೋಶದಲ್ಲಿ ಕಲ್ಲೂ ಆಗಿ, ಅದಕ್ಕೊಂದು ಶಸ್ತ್ರಚಿಕಿತ್ಸೆಯಾಯಿತು. ಬೇಗ ತೂಕ ಇಳಿದವರಿಗೆ ಇದು ಅಪರೂಪವಲ್ಲ. ತಿಂಗಳಿಗೊಮ್ಮೆ ಬಿ12 ಚುಚ್ಚಿಸಿಕೊಳ್ಳುತ್ತಾರೆ. ರಂಗೋಲಿ ಹಾಕುತ್ತಾರೆ.

ಅವರದೊಂದು ದೂರಿದೆ, ಅದು ನಮ್ಮ ಮೇಲೆಯೇ. ಶ್ರಾವಣದಲ್ಲಿ ದಾಸೋಹಕ್ಕೆ ಕುಳಿತಾಗ ಅರ್ಧ ಸೌಟು ಸಾಕೆಂದರೆ ಬಡಿಸುವವರು ಬಿಡುವುದಿಲ್ಲವಂತೆ. “ಪ್ರಸಾದಕ್ಕೆ ಬೇಡವೆನ್ನಬಾರದು ತಾಯಿ” ಎಂದು ಎಲೆಯ ತುಂಬ ಅನ್ನ ಸುರಿದು, ಮೇಲೊಂದು ಸೌಟು ಪಾಯಸ. ಉಂಡರೆ ಪ್ರಾಣಕ್ಕೆ, ಬಿಟ್ಟರೆ ಮನಸ್ಸಿಗೆ. ಎಲೆಯಲ್ಲಿ ಪ್ರಸಾದ ಬಿಡಲಾರದೆ ಕಳೆದೆರಡು ಸಲ ಅವರು ಪಂಕ್ತಿಗೆ ಕೂರದೆ ಮರಳಿದ್ದಾರೆ. ಬಡಿಸುವ ಸೇವೆಯಲ್ಲಿ ನಿಲ್ಲುವ ಸಹೃದಯರಲ್ಲಿ ನನ್ನದೊಂದು ಪ್ರಾರ್ಥನೆ: ಯಾರಾದರೂ ಕೈ ಅಡ್ಡ ಹಿಡಿದು ಸಾಕು ಎಂದರೆ ಕಾರಣ ಕೇಳದೆ ಮುಂದೆ ಸಾಗಿ. ಸಾಧ್ಯವಾದರೆ ಪಂಕ್ತಿಯ ಕೊನೆಯಲ್ಲಿ ಒಂದು ಪಾತ್ರೆ ತೆಳು ರಾಗಿ ಅಂಬಲಿಯೂ ಮಜ್ಜಿಗೆಯೂ ಇರಲಿ. ಮುಂದಿನ ಶ್ರಾವಣದಲ್ಲಿ ಆ ತಾಯಿಯನ್ನು ಮತ್ತೆ ಕರೆತರುತ್ತೇನೆಂದು ಅವರ ಮಗ ಹೇಳಿದ್ದಾನೆ.